ಹೊಲಿಗೆಯಲ್ಲಿ ನಿಂತ ನೀರು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ದಾರಕ್ಕೆ ಮೇಣ ತೀಡಿ ತೀಡಿ ಆ ಸೀಳಿನಲ್ಲಿ ಹಳದಿ ಗೆರೆಯೊಂದು ಕೂತುಬಿಟ್ಟಿತ್ತು. ದಪ್ಪ ಬಟ್ಟೆಗೆ ದಬ್ಬಣ ನೂಕುವಾಗ ಆ ಉಗುರು ಬಾಯಿ ಬಿಡುತ್ತಿತ್ತು. ನೋಡುವ ನಮಗೆ ಮೈ ಜುಮ್ಮೆನ್ನುತ್ತಿತ್ತು, ಅವರಿಗೆ ಏನೂ ಇಲ್ಲ. ಶಿರಾದಲ್ಲಿ ಲಾರಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದ ಅವರನ್ನು ಊರೆಲ್ಲ ಚಾಚಾ ಅನ್ನುತ್ತಿತ್ತು. ನಾನೂ ಹಾಗೇ ಅನ್ನುತ್ತಿದ್ದೆ.

ಅವರು ನಮ್ಮ ಮನೆಗೆ ಬಂದದ್ದು ಮನೆಗಾಡಿಯ ದೆಸೆಯಿಂದ. ನನ್ನ ಹೆಂಡತಿಗೆ ಬೆನ್ನುಮೂಳೆಯ ಆಪರೇಷನ್ ಆಗಿ ಕೂರುವುದೇ ಆಗುತ್ತಿರಲಿಲ್ಲ. ಕಾರಿನಲ್ಲಿ ಕೂರಿಸಿದರೆ ಮಧುಗಿರಿ ಮುಟ್ಟುವುದರೊಳಗೆ ಅತ್ತುಬಿಡುತ್ತಿದ್ದಳು. ಅವಳ ಅಕ್ಕ ಪಾವಗಡದ ಕಡೆ ವಳ್ಳೂರಿನಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದಳು. ಇಬ್ಬರೂ ಎದುರುಬದುರು ಕೂತು ಮಾತಾಡಿ ಮೂರು ವರ್ಷವಾಗಿತ್ತು. ದಿನಾ ಸಂಜೆ ವಿಡಿಯೋ ಕಾಲ್‌ನಲ್ಲಿ ಅಕ್ಕ, "ಎಪ್ಪುಡೊಸ್ತಾವೇ? ಯಾವಾಗ್ ಬತ್ತೀಯೇ? ಹೊಲದ ತುಂಬಾ ಸೋಲಾರ್ ಹಾಕ್ಬುಟ್ಟವ್ರೆ, ಬಂದು ನೋಡೇ" ಅನ್ನುವಳು. ಇವಳು ಕಣ್ಣೊರೆಸಿಕೊಳ್ಳುವಳು. ಮಲಗಿಕೊಂಡೇ ಹೋಗಲಿ ಎಂದು ಹಾಸಿಗೆ, ಕಕ್ಕಸು, ಪುಟ್ಟ ಒಲೆ ಎಲ್ಲ ಇರುವ ಹಳೇ ವ್ಯಾನೊಂದನ್ನು ತಂದು ಮನೆ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿದೆ. ಮಳೆಗಾಲ ಕಳೆದ ಮೇಲೆ ಹೊರಡಿ ಎಂದರು ಡಾಕ್ಟರು. ಅಲ್ಲಿಯವರೆಗೆ ಗಾಡಿಯನ್ನು ಬಿಸಿಲು ಮಳೆಯಿಂದ ಕಾಯಬೇಕಿತ್ತು.

ನಾನು ಪ್ಲಾಸ್ಟಿಕ್ ಹೊದ್ದಿಸೋಣ ಎಂದೆ. ಚಾಚಾ ಗಾಡಿಯ ಸುತ್ತ ಎರಡು ಸುತ್ತು ಬಂದು ತಲೆಯಾಡಿಸಿದರು.

"ಪ್ಲಾಸ್ಟಿಕ್ ಬ್ಯಾಡ ಮೇಷ್ಟ್ರೇ. ಇದೇನ್ ಈರುಳ್ಳಿ ಲೋಡಾ, ನಾಳಿಕ್ಕೇ ಇಳ್ಸಾಕೆ? ನಿಂತಿರೋ ಗಾಡಿ. ಉಸಿರಾಡ್ಬೇಕು."

ಕ್ಯಾನ್ವಾಸಿನಲ್ಲೇ ಹೊಲಿದರು. ಕೆಳಗೆ ಒಂದು ಗೇಣು ತೆರಪು, ಮೇಲೆ ಗಾಳಿ ಹೋಗಲು ಮುಚ್ಚಳವಿದ್ದ ಎರಡು ಕಂಡಿ. ಒಂದೊಂದು ಹೊಲಿಗೆ ಮುಗಿದಾಗಲೂ ಅದನ್ನು ಎರಡು ಕುರ್ಚಿಗಳ ನಡುವೆ ತೊಟ್ಟಿಲಂತೆ ಇಳಿಬಿಟ್ಟು ಒಂದು ಚೊಂಬು ನೀರು ಸುರಿಯುತ್ತಿದ್ದರು. ಆಮೇಲೆ ಪಕ್ಕದಲ್ಲಿ ಕೂತು ಟೀ ಕುಡಿಯುತ್ತಿದ್ದರು. ಟೀ ಮುಗಿಯುವುದರೊಳಗೆ ಒಂದು ಹನಿ ಕೆಳಗೆ ಬಿದ್ದರೂ ಅಷ್ಟುದ್ದದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹೊಲಿಯುವುದು. ಕಿಟಕಿ ಪಕ್ಕ ಮಲಗಿದ್ದ ನನ್ನವಳು ರೇಗಿಸುವಳು: "ಚಾಚಾ, ಬೇಗ ಬೇಗ ಟೀ ಕುಡಿದು ಮೋಸ ಮಾಡ್ತಿದೀರಾ!"

"ಇನ್ನೊಂದ್ ಲೋಟ ಕೊಡ್ಸಿ ಅಮ್ಮಾ, ಅದ್ನೂ ಕುಡ್ದೇ ತೋರುಸ್ತೀನಿ."

ನಮ್ಮ ಮನೆಯಲ್ಲಿ ನಗು ಕೇಳಿದ ಕೊನೆಯ ದಿನಗಳು ಅವೇ.

ಹೊಲಿದು ಮುಗಿಸಿ ಗಾಡಿಗೆ ಹೊದ್ದಿಸಿದ ಮೇಲೆ ಚಾಚಾ ಕೊರಟಗೆರೆಯ ಮಗಳ ಮನೆಗೆ ಹೋಗಿ ಒಂದು ತಿಂಗಳು ಅಲ್ಲೇ ಉಳಿದರು. ಆಗಲೇ ಮಳೆ ಜೋರಾಯಿತು. ನನಗೆ ಜೀವ ತಡೆಯಲಿಲ್ಲ. ಫೋನಿನಲ್ಲಿ ಯಾವನೋ ಹೇಳಿದ್ದನ್ನು ನೋಡಿ ಕ್ಯಾನ್ವಾಸಿನ ಮೇಲೆ ಪ್ಲಾಸ್ಟಿಕ್ ಹಾಸಿ, ಚಕ್ರದವರೆಗೆ ಬಿಗಿದು ಕಟ್ಟಿ, ಗಾಳಿಕಂಡಿಗಳಿಗೆ ಟೇಪು ಮೆತ್ತಿದೆ. ಮಳೆಗೆ ಕಿಟಕಿ ಮುಚ್ಚಿದ್ದರಿಂದ ಇವಳಿಗೆ ತಿಳಿಯಲಿಲ್ಲ. ಆವಿ ತಣಿದು ಹನಿಯಾಗುವುದನ್ನು ಮೂವತ್ತು ವರ್ಷ ಗಾಜಿನ ಲೋಟ ಹಿಡಿದು ಮಕ್ಕಳಿಗೆ ತೋರಿಸಿದ ವಿಜ್ಞಾನದ ಮೇಷ್ಟ್ರು ನಾನು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಳೆ ಮುಗಿಯಿತು. ಚಾಚಾ ಬರುವ ದಿನ ಬೆಳಿಗ್ಗೆ ಪ್ಲಾಸ್ಟಿಕ್ಕನ್ನೂ ಟೇಪನ್ನೂ ಕಿತ್ತು ಅಟ್ಟಕ್ಕೆ ಎಸೆದೆ. ಹೆಂಡತಿಯನ್ನು ಕುರ್ಚಿಯಲ್ಲಿ ಹೊತ್ತು ಗಾಡಿಯ ಬಾಗಿಲಿಗೆ ತಂದೆವು. ಬಾಗಿಲು ತೆಗೆದರೆ ಗಬ್ಬು ವಾಸನೆ. ಹಾಸಿಗೆ ಬೂಷ್ಟು ಹಿಡಿದು ಕಪ್ಪಗಾಗಿತ್ತು, ಹಲಗೆಗಳು ಉಬ್ಬಿದ್ದವು. ಅವಳು ಕೆಮ್ಮಿ ಕೆಮ್ಮಿ ಸುಸ್ತಾಗಿ, "ಸೋರಿಬಿಡ್ತಾ ಚಾಚಾ?" ಅಂದಳು.

ಚಾಚಾ ಒಳಗಿನ ಸೂರು ಮುಟ್ಟಿ ನೋಡಿದರು. ಹೊರಗೆ ಬಂದು ಗಾಳಿಕಂಡಿಯ ಅಂಚಿನಲ್ಲಿ ಉಳಿದಿದ್ದ ಟೇಪಿನ ಅಂಟನ್ನು ಆ ಸೀಳುಗುರಿನಿಂದ ಕೆರೆದರು. ನನ್ನ ಮುಖವನ್ನು ಒಂದೇ ಸಲ ನೋಡಿದರು. ನಾನು ತಲೆ ತಗ್ಗಿಸಿದೆ.

"ಹೂಂ ಅಮ್ಮಾ, ನನ್ ಹೊಲಿಗೇನೇ ಸೋರ್ಬುಟ್ಟೈತೆ. ಕಣ್ಣು ಮಂಜಾಗವೆ. ಮಾಫ್ ಮಾಡ್ಬುಡಿ."

ಗೇಟಿನ ಹತ್ತಿರ, ಯಾಕೆ ಹಾಗಂದಿರಿ ಎಂದು ಕೇಳಿದೆ.

"ಅಮ್ಮ ನಿಮ್ ಕೈಲಿ ಅನ್ನ ತಿನ್ಬೇಕು ಮೇಷ್ಟ್ರೇ. ನನ್ ಮ್ಯಾಲೆ ಕ್ವಾಪ ಮಾಡ್ಕಂಡ್ರೆ ಏನಾಯ್ತದೆ?"

ಮಾರನೆಯ ದಿನದಿಂದಲೇ ಹಾಸಿಗೆ ಬಿಚ್ಚಿ ಹತ್ತಿಯನ್ನು ಬಿಸಿಲಿಗೆ ಹರವಿದರು. ಹಲಗೆಗಳನ್ನು ಒಬ್ಬರೇ ಉಜ್ಜಿದರು. ನನ್ನವಳು ಅಕ್ಕನಿಗೆ ಫೋನಿನಲ್ಲಿ, "ಆ ಚಾಚಾ ಹಿಂಗ್ ಮಾಡ್ಬುಟ್ರು ಕಣಕ್ಕ, ಇಲ್ದಿದ್ರೆ ಇಷ್ಟೊತ್ಗೆ ಬಂದಿರ್ತಿದ್ದೆ" ಅನ್ನುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಗಂಜಿ ಬಸಿಯುತ್ತಾ ಕೇಳಿಸಿಕೊಂಡೆ. ಈಗ ಹೇಳೋಣ, ಊಟವಾದ ಮೇಲೆ ಹೇಳೋಣ ಅಂದುಕೊಂಡೆ. ಒಂಬತ್ತನೆಯ ದಿನ ಎದೆನೋವು ಬಂದು ನನ್ನವಳು ಹೋಗಿಬಿಟ್ಟಳು. ಹಾಸಿಗೆ ಇನ್ನೂ ಪೂರ್ತಿ ಒಣಗಿರಲಿಲ್ಲ.

ಚಾಚಾನ ಹೊಲಿಗೆ ಸೋರುತ್ತದಂತೆ ಎಂಬ ಮಾತು ವಳ್ಳೂರಿನಿಂದ ಲಾರಿಯವರ ಬಾಯಿಗೆ ಬಿತ್ತು. ಕೆಲವರು ಬೇರೆ ಕಡೆ ಹೋದರು. ಚಾಚಾ ಯಾರಿಗೂ ಏನೂ ಹೇಳಲಿಲ್ಲ. ನಾನಾದರೂ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಸುಳ್ಳುಗಾರ ನಾನೇ ಎಂದು ಸತ್ತವಳ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು, ಬದುಕಿದ್ದವರ ಹೆಸರು ಕೆಡುವುದನ್ನು ನೋಡುತ್ತಾ ಕೂರಲು ನಾಚಿಕೆಯಾಗಲಿಲ್ಲ.

ಹೋದ ತಿಂಗಳು ಚಾಚಾ ತೀರಿಕೊಂಡರು. ಕಬರಸ್ತಾನದಲ್ಲಿ ಎಲ್ಲರ ಹಾಗೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಸತ್ತವರಿಂದ ತಪ್ಪಾಗಿದ್ದರೆ ಮನ್ನಿಸಿ ಎಂದು ಮನೆಯವರು ಕೇಳಿಕೊಳ್ಳುವುದು ಅವರಲ್ಲಿ ರೂಢಿ. ಅವರ ದೊಡ್ಡ ಮಗ, ತಲೆ ನರೆತ ಮನುಷ್ಯ, ನನ್ನ ಎರಡೂ ಕೈ ಹಿಡಿದುಕೊಂಡ. "ನಮ್ ಅಬ್ಬಾ ಹೊಲ್ದಿದ್ದು ಸೋರಿದ್ದು ಒಂದೇ ಸಲ ಸಾರ್, ನಿಮ್ ಗಾಡೀದು. ಮಾಫ್ ಮಾಡ್ಬುಡಿ."

ನಾನು, "ಆಯ್ತಪ್ಪ" ಅಂದೆ. ಅಷ್ಟೇ ಅಂದೆ!

ಮನೆಗೆ ಬಂದು ಗಾಡಿಯ ಕ್ಯಾನ್ವಾಸು ಎಳೆದೆ. ಉದ್ದನೆಯ ಹೊಲಿಗೆಯನ್ನು ಎರಡು ಕುರ್ಚಿಗಳ ನಡುವೆ ಇಳಿಬಿಟ್ಟು ಒಂದು ಚೊಂಬು ನೀರು ಸುರಿದೆ. ಟೀ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತೆ. ಒಂದು ಲೋಟ ಮುಗಿಯಿತು. ಒಳಗೆ ಹೋಗಿ ಇನ್ನೊಂದು ಲೋಟ ತಂದು ಅದನ್ನೂ ಕುಡಿದೆ. ಕೆಳಗಿನ ಮಣ್ಣು ಒಣಗಿಯೇ ಇತ್ತು.