ಜಾನಮ್ಮನ ಬೆರಳು ಮರೆತ ಕತೆ

ಕೊಯಮತ್ತೂರಿನ ಬಳಿಯ ಪೆರಿಯನಾಯಕನಪಾಳ್ಯಂನಿಂದ ಒಳಕ್ಕೆ ಹೊರಳುವ ಕನ್ನಡ ನೇಕಾರರ ಬೀದಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಯ್ಯಾಸಾಮಿಯವರ ಮಗ್ಗದ ಹಿಂದೆ ಜಾನಮ್ಮ ಮಣೆ ಹಾಕಿಕೊಂಡು ಕೂತಿದ್ದಾರೆ. ಒಂದು ಕಡೆ ನೇಯ್ದು ಮುಗಿದ ಹಾಸಿನ, ಅಂದರೆ ಮಗ್ಗದ ಉದ್ದೆಳೆಗಳ, ತುದಿಗಳು, ಇನ್ನೊಂದು ಕಡೆ ಹೊಸ ಹಾಸಿನ ತುದಿಗಳು. ಜಾರದಿರಲೆಂದು ಬೂದಿ ಮುಟ್ಟಿದ ಬೆರಳಲ್ಲಿ ಅಲ್ಲಿಂದೊಂದು ಇಲ್ಲಿಂದೊಂದು ಎಳೆ ಹಿಡಿದು ಹೊಸೆದು ಬಿಡುತ್ತಾರೆ. ಗಂಟಿಲ್ಲ, ಅಂಟಿಲ್ಲ. ಒಂದು ಹಾಸಿನಲ್ಲಿ ಇಂಥ ಎಳೆಗಳು ಸಾವಿರಾರು. ನಿನ್ನೆ ಶುರುವಾದ ಕೆಲಸ, ಇನ್ನು ಗೇಣಗಲ ಉಳಿದಿದೆ.

ಹೀಗೆ ಎಳೆ ಜೋಡಿಸುವುದಕ್ಕೆ ಕೆಚ್ಚುವುದು ಅನ್ನುತ್ತಾರೆ. ಸೀರೆ ಉಟ್ಟವರಿಗೆ ನೇಯ್ದವರ ಹೆಸರೇ ಗೊತ್ತಿರುವುದಿಲ್ಲ, ಇನ್ನು ಕೆಚ್ಚಿದವರನ್ನು ಕೇಳುವವರು ಯಾರು! ಗಂಡ ಬೆಳ್ಳಿಯಪ್ಪ ತೀರಿಕೊಂಡ ಮೇಲೆ ಜಾನಮ್ಮ ಮಗನನ್ನು ಬೆಳೆಸಿದ್ದು ಈ ಹೊಸೆತದಿಂದಲೇ. ಆದರೆ ವರ್ಷದಿಂದ ಅವರಿಗೆ ಕೆಲಸವಿರಲಿಲ್ಲ. ಇವತ್ತಿನದು ಪರೀಕ್ಷೆ. ಹೊಸೆದ ಕಡೆಗಳು ಬಿಚ್ಚದೆ ಮಗ್ಗದ ಬಾಚಣಿಗೆಯಂಥ ಹಣಿಗೆಯನ್ನು ದಾಟಿದರೆ ಕೆಲಸ ಮತ್ತೆ ಅವರದು. ಬಿಚ್ಚಿದರೆ ಪಕ್ಕದ ಬೀದಿಯವರನ್ನೇ ಕರೆಯುತ್ತೇನೆಂದು ಅಯ್ಯಾಸಾಮಿ ಮುಖಕ್ಕೇ ಹೇಳಿದ್ದಾರೆ.

ತೊಂದರೆ ಶುರುವಾದದ್ದು ಬಲಗೈಯಲ್ಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನತೊಡಗಿದವು. ಬರಬರುತ್ತಾ ಬೆರಳ ನಡುವೆ ಎಳೆ ಇದೆಯೋ ಇಲ್ಲವೋ ಎಂದೇ ತಿಳಿಯದಾಯಿತು. ಕೆಲಸ ಹೋದೀತೆಂಬ ಭಯಕ್ಕೆ ಜಾನಮ್ಮ ಬಾಯಿ ಬಿಡಲಿಲ್ಲ. ಹೊಸೆದ ಎಳೆಯನ್ನು ಕೆಳತುಟಿಗೆ ತಾಕಿಸಿ ಹಿಡಿದಿದೆಯೇ ಎಂದು ನೋಡಿಕೊಳ್ಳತೊಡಗಿದರು. "ತುಟಿಯೆಲ್ಲ ಬೂದಿ. ಜಾನಮ್ಮ ಬೂದಿ ತಿಂತಾಳೆ ಅಂತ ಬೀದಿನೇ ನಗ್ತಿತ್ತು ತಂಬಿ" ಎಂದು, ನನ್ನನ್ನು ತಂಬಿ, ತಮ್ಮ, ಎಂದೇ ಕರೆಯುವ ಅವರು ಈಗ ತಾವೂ ನಗುತ್ತಾರೆ.

ಗುಟ್ಟು ರಟ್ಟಾದದ್ದು ಒಲೆಯ ಮುಂದೆ. ಸೊಸೆ ಕಲೈಸೆಲ್ವಿ ಹೇಳುತ್ತಾರೆ: "ಏನೋ ಸುಟ್ಟ ವಾಸ್ನೆ ಬಂತು. ನೋಡಿದ್ರೆ ಅತ್ತೆ ಬೆಳ್ಳು ದೋಸೆಕಲ್ಲ ಮ್ಯಾಲದೆ! ಅವ್ರ ಪಾಡಿಗೆ ಅವ್ರು ಚಟ್ನಿಗೆ ಉಪ್ಪು ಕಮ್ಮಿ ಅಂತಾ ಅವ್ರೆ."

ಮಾರನೇ ದಿನವೇ ಕೊಯಮತ್ತೂರಿನ ಆಸ್ಪತ್ರೆ. ಅಲ್ಲಿದ್ದ ನರ್ಸ್ ಹಾಸನದ ಹುಡುಗಿ. ಕನ್ನಡ ಕಿವಿಗೆ ಬಿದ್ದದ್ದೇ ಖುಷಿಯಾಗಿ, ಏನಾಗಿದೆ ಅಜ್ಜಿ ಎಂದು ಕೇಳಿದಳು. ಜಾನಮ್ಮ, "ಎಲ್ಲಾ ಮರತೋಗದೆ ಕಣಮ್ಮ" ಅಂದರು. ತಮಿಳಿನ 'ಮರತ್ತು ಪೋಚ್ಚು' ಅಂದರೆ ಜೋಮು ಹಿಡಿಯಿತು ಎಂದು. ಇಲ್ಲಿಯ ಮನೆಗಳ ಕನ್ನಡದಲ್ಲಿ ಆ ಮಾತು ಹೀಗೆ ಬಂದು ಕೂತಿದೆ. ಹಾಸನದ ಕಿವಿಗೆ ಅದು ಮರೆವಿನ ಕಾಯಿಲೆ! ಹುಡುಗಿ ಅಕ್ಕರೆಯಿಂದಲೇ ವಿಚಾರಣೆಗಿಳಿದಳು. ಇವತ್ತು ಯಾವ ವಾರ? ನಿಮ್ಮ ಮಗನ ಹೆಸರೇನು? ಇಪ್ಪತ್ತರಿಂದ ಹಿಂದಕ್ಕೆ ಎಣಿಸಿ ನೋಡೋಣ.

"ಎಲ್ಲಾ ಹೇಳ್ದೆ. ಕೊನೆಗೆ ಕೋಪ ಬಂತು. ನನಗೇನು ಪೈತ್ಯವಾ, ಹುಚ್ಚಾ, ಬೆಳ್ಳ್ ನೋಡು ಅಂದ್ರೆ ತಲೆ ನೋಡ್ತೀಯಲ್ಲಾ ಅಂದೆ!"

ಕಲೈಸೆಲ್ವಿ ತಮಿಳಿನಲ್ಲಿ ಬಿಡಿಸಿ ಹೇಳಿದ ಮೇಲೆ ನರ್ಸ್ ನಾಚಿ ನಕ್ಕಳಂತೆ. ಡಾಕ್ಟರು ಕಣ್ಣು ಮುಚ್ಚಿಸಿ ಒಂದೊಂದೇ ಬೆರಳಿಗೆ ಹತ್ತಿ ತಾಕಿಸಿದರು. ಕಿರುಬೆರಳಿಗೆ ತಿಳಿಯಿತು, ಅದರ ನರ ಬೇರೆ. ಉಳಿದವಕ್ಕೆ ಹೋಗುವ ನರ ಮಣಿಕಟ್ಟಿನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಬೆರಳ ಚರ್ಮ ಹಿಡಿದ ಸುದ್ದಿ ಆ ನರದಲ್ಲಿ ಸಾಗಿ, ಬೆನ್ನುಹುರಿ ಹತ್ತಿ, ಮಿದುಳನ್ನು ಮುಟ್ಟಬೇಕು. ದಾರಿಯಲ್ಲೇ ತಡೆದರೆ ಎಳೆಯೂ ಒಂದೇ, ಕಾದ ಕಲ್ಲೂ ಒಂದೇ. ಇಡೀ ಬೆನ್ನಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಜಾಗವನ್ನು ಮಿದುಳು ಬೆರಳಿಗೂ ತುಟಿಗೂ ಕೊಟ್ಟಿರುತ್ತದೆಯಂತೆ. ಬೆರಳ ಕೆಲಸಕ್ಕೆ ತುಟಿ ಒದಗಿದ್ದು ಅದಕ್ಕೇ.

ಮಣಿಕಟ್ಟಿಗೆ ಸಣ್ಣದೊಂದು ಆಪರೇಷನ್ ಆಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಬೆರಳಿನ ಸುದ್ದಿಯನ್ನು ಮಿದುಳು ಹೊಸದಾಗಿ ಗುರುತು ಹಿಡಿಯಬೇಕು. ಅಕ್ಕಿಯಲ್ಲಿ ಗುಂಡಿ, ಹುಣಸೆಬೀಜ, ನೂಲುಂಡೆ ಹುದುಗಿಸಿಟ್ಟು, ಕಣ್ಣು ಮುಚ್ಚಿ ಹುಡುಕುವ ಅಭ್ಯಾಸ. ತಿಂಗಳುಗಟ್ಟಲೆ ಗುಂಡಿಯೂ ಬೀಜವೂ ಒಂದೇ ಆಗಿದ್ದವು. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದ ಜಾನಮ್ಮ ಕಿರುಚಿಕೊಂಡರು. "ಕಲೈ, ಸುಡ್ತದೆ! ಸುಡ್ತದೆ ಕಣೇ!" ಸೊಸೆ ಹೆದರಿ ಓಡಿ ಬಂದರೆ ಅತ್ತೆ ಚೆಲ್ಲಿದ ಕಾಫಿಯ ನಡುವೆ ಕೂತು ನಗುತ್ತಿದ್ದಾರೆ. ಅದನ್ನು ಹೇಳುವಾಗ ಇಬ್ಬರ ಕಣ್ಣಲ್ಲೂ ನೀರು.

ಕೊನೆಯ ಎಳೆ ಹೊಸೆದಾಯಿತು. ಅಯ್ಯಾಸಾಮಿ ಮಗ್ಗದ ಮುಂದೆ ನಿಂತು ಹಾಸನ್ನು ಮೆಲ್ಲಗೆ ಎಳೆಯುತ್ತಾರೆ. ಹೊಸೆದ ಕಡೆಗಳು ಸಾಲಾಗಿ ಹಣಿಗೆಯ ಹಲ್ಲುಗಳಿಗೆ ನುಗ್ಗುತ್ತವೆ. ಪಟ್ ಎಂದು ಒಂದು ಎಳೆ ಹರಿಯುತ್ತದೆ. ಜಾನಮ್ಮನ ಮುಖ ಕಪ್ಪಿಡುತ್ತದೆ. ಅಯ್ಯಾಸಾಮಿ ಬಗ್ಗಿ ಅದನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಹರಿದದ್ದು ನೂಲು. ಹೊಸೆದ ಕಡೆ ಗಟ್ಟಿಯಾಗಿಯೇ ಇದೆ. ಉಳಿದವೆಲ್ಲ ದಾಟುತ್ತವೆ.

"ಅಕ್ಕಾ, ಶುಕ್ರವಾರ ಇನ್ನೊಂದು ಹಾಸು ಅದೆ, ಬಂದ್ಬಿಡು" ಎಂದಷ್ಟೇ ಹೇಳಿ ಅವರು ಮಗ್ಗದ ಕುಳಿಗೆ ಇಳಿಯುತ್ತಾರೆ.

ತೋರುಬೆರಳ ತುದಿಗೆ ಇನ್ನೂ ಪೂರ್ತಿ ಸ್ಪರ್ಶ ಮರಳಿಲ್ಲ. ಅದೊಂದು ಬಂದರೆ ಸಾಕು, ಬೇರೇನೂ ಬೇಡ ಅನ್ನುತ್ತಾರೆ ಜಾನಮ್ಮ. ಸೆರಗಿನಲ್ಲಿ ಬೂದಿ ಒರೆಸಿಕೊಳ್ಳುತ್ತಿದ್ದಾರೆ. ತುಟಿಯ ಮೇಲೆ ಬೂದಿಯಿಲ್ಲ.

"ಬೆಳ್ಳು ಮರತಿತ್ತು ತಂಬಿ. ನಾನು ಮರತಿರ್ಲಿಲ್ಲ."