ಕೂಟಕ್ಕೆ ಕರೆದವಳು

ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳಿಗೆ ಬಿಡುವೇ ಇಲ್ಲ. ನಾಳೆ ನೀರು ಬರುವುದಿಲ್ಲ ಎಂದರೂ ಹೆಬ್ಬೆರಳು, ಯಾರೋ ತೀರಿಕೊಂಡರು ಎಂದರೂ ಒಮ್ಮೊಮ್ಮೆ ಹೆಬ್ಬೆರಳು. ಸಂದೇಶ ನೋಡಿದೆ ಎನ್ನುವುದಕ್ಕೆ ಅದೊಂದು ಗುರುತು ಅಷ್ಟೇ ಎಂದು ನಾನು ತಿಳಿದಿದ್ದೆ. ನಿವಾಸಿಗಳ ಸಂಘದ ಅಧ್ಯಕ್ಷರು ಅದನ್ನು ಒಪ್ಪಿಗೆ ಎಂದು ಹಿಡಿಯುತ್ತಾರೆ ಎಂಬುದು ಗೊತ್ತಾದದ್ದು ಹಿಂಬದಿ ಗೋಡೆಯ ವಿಷಯ ಬಂದಾಗ.

ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತೆ. ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆ ಸಂಜೆ ಅಪರೂಪಕ್ಕೆ ಸೀಟು ಸಿಕ್ಕಿತ್ತು. ಕೂತು ಮೊಬೈಲ್ ತೆಗೆದರೆ ಸಂದೇಶ: ಭದ್ರತೆಯ ದೃಷ್ಟಿಯಿಂದ ಹಿಂಬದಿ ಕಾಂಪೌಂಡಿನ ಸಂದು ಮುಚ್ಚಿಸಲು ಉದ್ದೇಶಿಸಲಾಗಿದೆ, ಭಾನುವಾರದ ಸಭೆಯಲ್ಲಿ ಅಂತಿಮಗೊಳಿಸಲಾಗುವುದು. ಅದರ ಕೆಳಗೆ ಆಗಲೇ ಹೆಬ್ಬೆರಳುಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಒಂದು ನನ್ನ ಗಂಡನದು.

ಸಂದು ಎಂದರೆ ಗೋಡೆಯಲ್ಲಿ ಒಬ್ಬರು ಹಾದುಹೋಗುವಷ್ಟು ಅಗಲದ ಜಾಗ. ಗೋಡೆಯ ಆಚೆ ಒಂದು ಹಳೆಯ ಬೀದಿ, ಅಲ್ಲಿ ನನ್ನ ಅಣ್ಣನ ಮನೆ, ಆ ಮನೆಯಲ್ಲಿ ನಮ್ಮವ್ವ. ದಿನಾ ಮಧ್ಯಾಹ್ನದ ಮೇಲೆ ಅವ್ವ ಆ ಸಂದಿನಲ್ಲಿ ಹಾದು ನಮ್ಮ ಮನೆಗೆ ಬರುತ್ತಾಳೆ. ನನ್ನ ಮಗಳು ಸ್ಕೂಲಿನಿಂದ ಬರುವ ಹೊತ್ತಿಗೆ ಬಾಗಿಲು ತೆಗೆದು, ಅವಳಿಗೆ ಏನಾದರೂ ತಿನ್ನಲು ಕೊಟ್ಟು, ನಾನು ಬಸ್ಸಿಳಿದು ಬರುವತನಕ ಇದ್ದು, ಬೆಳಕಿರುವಾಗಲೇ ಹೊರಟುಬಿಡುತ್ತಾಳೆ. ಸಂದು ಮುಚ್ಚಿದರೆ ಅವಳಿಗೆ ಉಳಿಯುವುದು ಹೈವೇ. ಅಲ್ಲಿ ಕಾಲಿಡಲು ಫುಟ್‌ಪಾತ್ ಇಲ್ಲ. ಟಿಪ್ಪರ್‌ಗಳು ಮೈಮೇಲೇ ಬಂದ ಹಾಗೆ ಬರುತ್ತವೆ. ಅವ್ವನಿಗೆ ಒಂದು ಕಣ್ಣಲ್ಲಿ ಪೊರೆ, ಎರಡೂ ಮಂಡಿ ನೋವು. ಸೆರಗು ಬಿಗಿಹಿಡಿದು ಅವಳು ರಸ್ತೆಯಂಚಿನಲ್ಲಿ ನಿಂತಿರುವುದು ಬಸ್ಸಿನಲ್ಲಿ ಕೂತೇ ನನಗೆ ಕಂಡುಬಿಟ್ಟಿತು. ಆಗಬಹುದಾದ ಕೆಟ್ಟದ್ದನ್ನೆಲ್ಲ ಮೊದಲೇ ನೋಡಿಬಿಡುವುದು ನನ್ನ ಸ್ವಭಾವ. ನನ್ನ ಗಂಡ ಇದಕ್ಕೆ ಅಡ್ವಾನ್ಸ್ ಬುಕಿಂಗ್ ಎಂದು ಹೆಸರಿಟ್ಟಿದ್ದಾರೆ.

ಮನೆಗೆ ಬಂದವಳೇ ಕೇಳಿದೆ, "ನೀವ್ಯಾಕೆ ಹೆಬ್ಬೆರಳು ಒತ್ತಿದ್ರಿ?"

"ನೋಡ್ದೆ ಅಂತ ಒತ್ತಿದ್ದು ಕಣೇ. ಪೂರ್ತಿ ಓದ್ಲಿಲ್ಲ."

ವಿಷಯ ತಿಳಿದ ಮೇಲೆ ಅವರ ಮುಖವೂ ಇಳಿದುಹೋಯಿತು. "ನೀನೊಬ್ಳೇ ಎದ್ದು ಬೇಡ ಅಂದ್ರೆ ಅಮ್ಮನಿಗೋಸ್ಕರ ಹೇಳ್ತಾಳೆ ಅಂತಾರೆ. ಆಮೇಲೆ ನಮ್ಮ ವಿಷಯನೆಲ್ಲ ಎತ್ತುತ್ತಾರೆ" ಎಂದರು.

ನಮ್ಮ ವಿಷಯ ಎಂದರೆ ನಾವು ಆ ಹಳೆಯ ಬೀದಿಯ ಜನ ಎನ್ನುವುದು. ನಮ್ಮ ಮನೆಯ ಹಾಲ್‌ನಲ್ಲಿ ಬುದ್ಧನ ವಿಗ್ರಹವಿದೆ. ಬಂದವರು ಅದನ್ನು ಷೋಕೇಸಿನ ಗೊಂಬೆ ಎಂದುಕೊಂಡು ಎಲ್ಲಿ ತಗೊಂಡ್ರಿ, ಚೆನ್ನಾಗಿದೆ ಎನ್ನುತ್ತಾರೆ. ನಾವು ಯಾರು ಎನ್ನುವುದು ಬಡಾವಣೆಯಲ್ಲಿ ಕೆಲವರಿಗೆ ಗೊತ್ತು, ಕೆಲವರಿಗೆ ಗೊತ್ತಿಲ್ಲ. ಯಾರಿಗೆ ಗೊತ್ತು ಎಂಬುದು ನಮಗೆ ಗೊತ್ತಿಲ್ಲ. ಸಾಲ ಮಾಡಿ ಮನೆ ಕಟ್ಟಿ ಇಲ್ಲಿಗೆ ಬಂದಾಗಿನಿಂದ ಒಂದು ಕಿವಿ ಯಾವಾಗಲೂ ಗೇಟಿನ ಕಡೆಗೇ ಇರುತ್ತದೆ.

ಆದರೂ ಮರುದಿನ ಬಸ್ಸಿಳಿದವಳೇ ಅಧ್ಯಕ್ಷರ ಮನೆಗೆ ಹೋದೆ. ಬ್ಯಾಂಕಿನಿಂದ ನಿವೃತ್ತರಾದವರು, ಮಾತು ಮೃದು. ಬೀದಿಯಲ್ಲಿ ಒಂದು ಬೈಕ್ ಕಳುವಾದಾಗಿನಿಂದ ಎಲ್ಲರೂ ತಮ್ಮನ್ನೇ ಕೇಳುತ್ತಾರೆ ಎಂದು ಅವರ ಗೋಳು. "ಸಭೆಗೆ ಬನ್ನಿ ಅಂದ್ರೆ ಯಾರೂ ಬರಲ್ಲ ಮೇಡಂ. ನೀವೇನ್ ಮಾಡಿದ್ರೂ ಸರಿ ಸಾರ್ ಅಂತಾರೆ. ಬರೋದು ನಾವೇ ಐದಾರು ಜನ. ನಾವು ಕೂತು ಮಾಡಿದ್ದೇ ತೀರ್ಮಾನ."

"ಜನ ಬಂದ್ರೆ ಕೈ ಎತ್ತಿಸಿ ಕೇಳ್ತೀರಾ ಸಾರ್?"

"ಬರ್ಲಿ, ಖಂಡಿತ ಕೇಳೋಣ. ನೀವೇ ಒಂದು ರೌಂಡ್ ಕರೆದುಬಿಡಿ. ಹೆಂಗಸರು ಕರೆದ್ರೆ ಬರ್ತಾರೆ."

ಸಂದಿನ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನು ಅವರಿಗೆ ಹೇಳಲಿಲ್ಲ. ಜನ ಬಂದರೆ ಅವರಲ್ಲಿ ಯಾರಾದರೂ ಹೇಳುತ್ತಾರೆ, ನಾನು ಬಾಯಿ ತೆರೆಯುವ ಪ್ರಸಂಗ ಬರುವುದಿಲ್ಲ ಎಂದು ನನ್ನ ಲೆಕ್ಕಾಚಾರ. ಗೆದ್ದವಳ ಹಾಗೆ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳಿಗೆ ಸಂತೋಷವಾಗಲಿಲ್ಲ.

"ಕರಿಯೋ ಕೆಲ್ಸ ನಿಂಗೇ ಕೊಟ್ರಾ?" ಎಂದಳು.

ಅವ್ವನ ತವರು ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿ. ಅವಳಪ್ಪ ಅಲ್ಲಿ ಕೂಟ ಸಾರುತ್ತಿದ್ದ. ಊರಿನ ಯಜಮಾನರು ಸೇರುವ ದಿನ ತಮಟೆ ಬಡಿಯುತ್ತ ಬೀದಿಬೀದಿ ತಿರುಗಿ, ಸಂಜೆಗೆ ಕೂಟ ಸೇರುತ್ತದೆ, ಮನೆಗೊಬ್ಬರು ಬರಬೇಕು ಎಂದು ಕೂಗುವುದು ಅವನ ಪಾಲಿನ ಚಾಕರಿ. "ನಮ್ಮಪ್ಪ ಸಾರುದ್ರೆ ಊರಿಗೂರೇ ಬಂದ್ಬುಡೋದು. ಅಂಥಾ ಗಂಟ್ಲು. ಆದ್ರೆ ಜಗ್ಲಿ ಮ್ಯಾಲೆ ಅವನ್ನ ಯಾರೂ ಕೂರಸ್ತಿರ್ನಿಲ್ಲ. ದೂರದಲ್ಲಿ ನಿಂತ್ಕಂಡು ಕೇಳುಸ್ಕಂಡು ಬರೋನು. ನಮ್ಮನೆ ಇಚಾರ ಬಂದ್ರೂ ಅಷ್ಟೇಯ."

"ಅದೆಲ್ಲ ಆ ಕಾಲ ಅವ್ವ. ಇದು ಅಸೋಸಿಯೇಷನ್" ಎಂದೆ. ಅವ್ವ ಮೊಮ್ಮಗಳ ಜಡೆ ಬಿಚ್ಚತೊಡಗಿದಳು.

ಬಸ್ಸಿಳಿದ ಮೇಲೆ ದಿನಾ ಒಂದೊಂದು ಬೀದಿ ಸುತ್ತಿದೆ. ಸಂದಿಗೆ ಅಂಟಿಕೊಂಡಂತೆ ಇರುವ ಮೂಲೆ ಮನೆಗೆ ಮೊದಲು ಹೋದೆ. ಆಕೆ ನನಗಿಂತ ಹಿರಿಯರು, ಬಾಯಿ ಜೋರು. "ನಮ್ಮನ್ನ ಯಾರ್ರೀ ಕರೆದ್ರು? ಗ್ರೂಪಲ್ಲಿ ಹಾಕ್ಬಿಟ್ರೆ ಕರೆದ ಹಾಗಾ? ಅದರಲ್ಲಿರೋದು ನಮ್ಮೆಜಮಾನರ ನಂಬರು. ಅವರು ಮನೇಲಿ ಏನೂ ಹೇಳಲ್ಲ" ಎಂದರು. ಇದು ನನಗೆ ಹೊಳೆದೇ ಇರಲಿಲ್ಲ. ಈ ಕಡೆ ಬಾಗಿಲಿಗೆ ಬಂದು ಬಾಯಿತುಂಬ ಕರೆಯದೆ ಯಾರೂ ಒಂದು ನಾಮಕರಣಕ್ಕೂ ಹೋಗುವುದಿಲ್ಲ. ಫೋನಿನಲ್ಲಿ ತಿಳಿಸಿದ್ದಕ್ಕೇ ವರ್ಷಗಟ್ಟಲೆ ಮಾತು ಬಿಟ್ಟ ನೆಂಟರು ನಮ್ಮಲ್ಲೂ ಇದ್ದಾರೆ. ಅಂಥ ಜನಕ್ಕೆ ಸಂಘದವರು ಮೆಸೇಜು ಕಳಿಸಿ, ಯಾರೂ ಬರಲಿಲ್ಲ ಎಂದು ಕೊರಗುತ್ತಿದ್ದರು.

ಬಾಡಿಗೆಗೆ ಇರುವವರು ನಮಗೇನು ಹಕ್ಕಿದೆ ಎಂದರು. ಇನ್ನೊಬ್ಬರು ಯಾಕೆ ನಿಷ್ಠುರ ಎಂದರು. ನಾನು ಎಲ್ಲ ಕಡೆ ಒಂದೇ ಪಾಠ ಒಪ್ಪಿಸಿದೆ: "ಬನ್ನಿ. ಬಂದು ಮುಚ್ಚಿ ಅಂದ್ರೂ ಸರಿ, ಬೇಡ ಅಂದ್ರೂ ಸರಿ. ನೀವಿಲ್ಲದೆ ಆಗೋದು ಬೇಡ." ಹೀಗೆ ಹೇಳುವಾಗಲೆಲ್ಲ ಮುಚ್ಚಿ ಎನ್ನುವವರನ್ನೇ ಕರೆದು ಗುಡ್ಡೆ ಹಾಕುತ್ತಿದ್ದೇನೆಯೇ ಎಂಬ ಭಯ. ಜೊತೆಗೆ ಯಾರು ಒಳಗೆ ಕರೆದರು, ಯಾರು ಗೇಟಿನಲ್ಲೇ ಮಾತು ಮುಗಿಸಿದರು ಎಂದು ಗಮನಿಸುತ್ತಿದ್ದೆ. ಗೇಟಿನಲ್ಲಿ ನಿಲ್ಲಿಸಿದವರ ಒಲೆಯ ಮೇಲೆ ಹಾಲು ಇದ್ದಿರಬಹುದು. ಹಾಗೆಂದು ನನಗೆ ನಾನೇ ಹೇಳಿಕೊಂಡರೂ ಮನಸ್ಸು ಒಪ್ಪುತ್ತಿರಲಿಲ್ಲ.

ಶನಿವಾರ ಬಂದು ನೋಡಿದರೆ ಸಂದಿನ ಪಕ್ಕದಲ್ಲಿ ಸಿಮೆಂಟ್ ಇಟ್ಟಿಗೆ ಇಳಿಸಿದ್ದರು. ಸಭೆ ಇನ್ನೂ ಸೇರಿಲ್ಲ, ಇಟ್ಟಿಗೆ ಬಂದು ಕೂತಿದೆ. ಸಿಟ್ಟು ನೆತ್ತಿಗೇರಿತು. ಅಧ್ಯಕ್ಷರಿಗೆ ಫೋನ್ ಮಾಡಿದರೆ, "ಗಾಡಿ ಈ ಕಡೆ ಬರೋದಿತ್ತು ಮೇಡಂ, ಇಳಿಸಿಕೊಂಡ್ವಿ ಅಷ್ಟೆ" ಎಂದರು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ಜನ ಬಂದರು. ಪಾರ್ಕಿನ ಹೊಂಗೆ ಮರದ ಕೆಳಗೆ ಎಂದಿನ ಹಾಗೆ ಕೆಲವೇ ಕುರ್ಚಿ ಹಾಕಿಸಿದ್ದರು. ತಲೆಗೆ ಎರೆದುಕೊಂಡು ಒದ್ದೆ ಕೂದಲಿನ ತುದಿಗೆ ಗಂಟು ಹಾಕಿಕೊಂಡ ಹೆಂಗಸರು ಗುಂಪುಗುಂಪಾಗಿ ಬಂದರು. ಬಾಡಿಗೆಯವರೂ ಬಂದು ಹಿಂದೆ ನಿಂತರು. ಅಧ್ಯಕ್ಷರು ಗಾಬರಿಯಾಗಿ, "ಮೇಡಂ, ಪಕ್ಕದ ಮನೆಯಿಂದ ಕುರ್ಚಿ ತರಿಸ್ತೀರಾ? ಮೇಡಂ, ಕಾಫಿ ಸ್ವಲ್ಪ ನೋಡ್ಕೊಳ್ತೀರಾ?" ಎಂದು ನನ್ನನ್ನೇ ಕೂಗಿದರು. ನಾನು ಖುಷಿಯಿಂದಲೇ ಓಡಾಡಿದೆ. ಎಲ್ಲರೂ ಕೂತ ಮೇಲೆ ನೋಡಿದರೆ ಕಾಫಿ ಫ್ಲಾಸ್ಕ್ ಹಿಡಿದುಕೊಂಡು ಕೊನೆಯಲ್ಲಿ, ಬೇಲಿಯ ಪಕ್ಕ ನಿಂತಿದ್ದೆ.

ಅಧ್ಯಕ್ಷರು ವಿಷಯ ಓದಿ, "ಯಾರದ್ದಾದ್ರೂ ಆಕ್ಷೇಪಣೆ ಇದೆಯಾ?" ಎಂದರು. ಯಾರೂ ಉಸಿರೆತ್ತಲಿಲ್ಲ. ಇಷ್ಟು ಜನರನ್ನು ಕರೆದು ತಂದದ್ದು ಸುಮ್ಮನೆ ಕೂರುವುದಕ್ಕೇನಾ ಎನಿಸಿತು. ಆಗ ಮೂಲೆ ಮನೆಯಾಕೆ ಕೂತಲ್ಲಿಂದಲೇ ಅಂದರು, "ನಮ್ಮ ಕೆಲಸದವಳು ಬರೋದೇ ಅಲ್ಲಿಂದ. ಹೈವೇ ಸುತ್ತಿ ಬರೋ ಹೊತ್ತಿಗೆ ಪಾತ್ರೆಯೆಲ್ಲ ನಾನೇ ತೊಳೆದಿರ್ತೀನಿ." ಜನ ನಕ್ಕರು. ನಗು ಬಂದ ಮೇಲೆ ಮಾತೂ ಬಂತು. ಹೂವಿನವಳು ಅಲ್ಲಿಂದ, ಸೊಪ್ಪಿನವಳು ಅಲ್ಲಿಂದ ಎಂದು ಒಬ್ಬೊಬ್ಬರೇ ಹೇಳಿದರು. ನನಗೆ ಜೀವ ಬಂದ ಹಾಗಾಯಿತು.

ಅಧ್ಯಕ್ಷರು ತಲೆಯಾಡಿಸಿ, "ಸರಿ, ಹಾಗಾದ್ರೆ ಒಂದು ಗೇಟು ಇಡೋಣ. ಯಾವ ಮನೆ ಕೆಲಸದವರು ಅಂತ ಚೀಟಿ ಕೊಡೋಣ. ಚೀಟಿ ಇಲ್ಲದವರು ಬರೋದು ಬೇಡ. ಆಗಬಹುದಲ್ವಾ?" ಎಂದರು. ಎಲ್ಲರ ತಲೆಯೂ ಆಡಿತು. ಯಾರಿಗೂ ತೊಂದರೆಯಿಲ್ಲದ ತೀರ್ಮಾನ. ಕೆಲವರು ಏಳುವುದಕ್ಕೆ ಸೀರೆ ಸರಿಮಾಡಿಕೊಳ್ಳುತ್ತಿದ್ದರು.

"ಸಾರ್" ಎಂದೆ. ನನ್ನ ದನಿ ನನಗೇ ಪರಿಚಯವಿಲ್ಲದಂತಿತ್ತು. "ನಮ್ಮಮ್ಮ ಯಾರ ಮನೆ ಕೆಲಸದವರೂ ಅಲ್ಲ. ಆ ಹಿಂದಿನ ಬೀದೀಲಿ ಇದ್ದಾರೆ. ದಿನಾ ಅಲ್ಲಿಂದಾನೇ ನನ್ನ ಮನೆಗೆ ಬರೋದು. ಅವರಿಗೆ ಯಾವ ಚೀಟಿ ಕೊಡ್ತೀರಿ?"

ಮುಂದಿನ ಸಾಲಿನ ಒಬ್ಬರು ಹಿಂದಕ್ಕೆ ತಿರುಗಿ, "ಅಂದ್ರೆ ನೀವು..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಈ ಮನೆ ಮಾರಿ ಹೋಗಬೇಕಾದೀತು ಎಂಬಲ್ಲಿಯವರೆಗೆ ನನ್ನ ಅಡ್ವಾನ್ಸ್ ಬುಕಿಂಗ್ ಹೋಗಿಬಿಟ್ಟಿತ್ತು.

"ದಪ್ಪ ಕನ್ನಡಕದ ಅಜ್ಜಿನಾ?" ಎಂದರು ಮೂಲೆ ಮನೆಯಾಕೆ. "ನಮ್ಮ ಗೇಟು ಹಿಡ್ಕೊಂಡು ಸುಧಾರಿಸ್ಕೊಂಡು ಹೋಗ್ತಾರಲ್ಲ, ಅವರಾ? ಮಗಳ ಮನೆಗೆ ಬರೋಕೆ ಚೀಟಿ ಯಾಕ್ರೀ. ಅಲ್ಲೊಂದು ಲೈಟ್ ಹಾಕಿಸಿ, ಸಾಕು."

ಗೇಟೂ ಬೇಡ, ಚೀಟಿಯೂ ಬೇಡ ಎನ್ನುವವರಿಂದ ಕೈ ಎತ್ತಿಸಿದರು. ನನ್ನ ಗಂಡನ ಕೈ ಎಲ್ಲರಿಗಿಂತ ಮೊದಲು ಎದ್ದಿತು. ಈ ಸಲ ಪೂರ್ತಿ ಕೇಳಿಸಿಕೊಂಡೇ ಎತ್ತಿದ್ದರು. ಬಹಳಷ್ಟು ಕೈಗಳು ಎದ್ದವು. ಏಳದೇ ಇದ್ದವೂ ಇದ್ದವು, ಅವು ಯಾರವು ಎಂದು ನನಗೆ ಇವತ್ತಿಗೂ ನೆನಪಿದೆ. "ಸದ್ಯಕ್ಕೆ ಹಾಗೇ ಇರಲಿ" ಎಂದು ಅಧ್ಯಕ್ಷರು ಬರೆದುಕೊಂಡರು.

ಮಾರನೆಯ ದಿನ ಬಸ್ಸಿಳಿದು ಬಂದು, ಅವ್ವನನ್ನು ಸಂದಿನತನಕ ಬಿಡಲು ಹೋದೆ. ಇಟ್ಟಿಗೆ ಹಾಗೇ ಬಿದ್ದಿತ್ತು. ಅವ್ವ ಅದರ ಮೇಲೆ ಕೂತು, ಮಂಡಿ ಉಜ್ಜಿಕೊಳ್ಳುತ್ತ ನನ್ನನ್ನು ಕೇಳಿದಳು.

"ಏನಂದ್ರವ್ವ?"

"ಮುಚ್ಚಲ್ಲ ಅಂದ್ರು. ಸದ್ಯಕ್ಕೆ."

"ಸದ್ಯಕ್ಕೆ ಅಂದ್ರೆ ಎಲ್ಲೀಗಂಟ?"

"ಗೊತ್ತಿಲ್ಲ ಕಣವ್ವ."

"ಓಗ್ಲಿ ಬುಡು. ಕೂಟದಲ್ಲಿ ನೀ ಕುಂತಿದ್ಯಾ, ನಿಂತಿದ್ಯಾ?"

ನಾನು ಇಟ್ಟಿಗೆಯ ಕಡೆ ನೋಡಿದೆ. "ನಿಂತಿದ್ದೆ. ಜನ ಜಾಸ್ತಿ ಬಂದ್ಬಿಟ್ರು ಅವ್ವ, ಕುರ್ಚಿ ಸಾಲ್ಲಿಲ್ಲ."

ಅವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು.

"ನಮ್ಮಪ್ಪನೂ ಅಟ್ಟಿಗ್ ಬಂದು ಇಂಗೇ ಅನ್ನೋನು. ಜನ ಜಾಸ್ತಿ ಕಣವ್ವ, ಜಗ್ಲೀಲಿ ಜಾಗ ಸಾಲ್ನಿಲ್ಲ ಅಂತ." ಕನ್ನಡಕ ಹಾಕಿಕೊಂಡು, ನನ್ನ ಕೈ ಹಿಡಿದು ಎದ್ದಳು. "ಮುಂದ್ಲ ಸಲ ಮೊದ್ಲು ನಿನ್ ಕುರ್ಚಿ ಆಕ್ಬುಟ್ಟು, ಆಮ್ಯಾಕೆ ಕರಿಯಕ್ಕೋಗು."