ಕೂಗು ಕೇಳದೆ ಬಂದವನು

ನಮ್ಮ ಮೇಡಂ ತೀರಿಕೊಂಡು ಮೂರು ತಿಂಗಳಾಯಿತು. ತಲೆಗೆ ಪೆಟ್ಟು ಬಿದ್ದವರು ಮನೆಗೆ ಮರಳಿದ ಮೇಲೆ ಏನಾಗುತ್ತಾರೆ ಎಂದು ಯಾರೂ ಕೇಳದ ಕಾಲದಲ್ಲಿ, ತಿಪಟೂರು ತುರುವೇಕೆರೆಯ ತೋಟ ತೋಟ ಸುತ್ತಿ ಸಂಶೋಧನೆ ಮಾಡಿದ ಡಾಕ್ಟರು ಅವರು. ನನಗೆ ಕೆಲಸ ಕಲಿಸಿದವರೂ ಅವರೇ. ನಾನು ಕಲಿತೆನೋ ಇಲ್ಲವೋ, ಅದು ಬೇರೆ ಮಾತು.

ಆಸ್ಪತ್ರೆಯ ಕಾಗದದ ಪರೀಕ್ಷೆಗಳನ್ನು ಅವರು ಅಷ್ಟಾಗಿ ನಂಬುತ್ತಿರಲಿಲ್ಲ. ನಮ್ಮ ಕಡೆ ತೆಂಗಿನ ಗೊನೆ ಕಡಿಯುವವನು ಮೊದಲು "ಸರ್ಕಳ್ರೋ" ಎಂದು ಕೆಳಗಿನವರು ದೂರ ಸರಿಯುವಂತೆ ಕೂಗಬೇಕು. ಮೇಡಂ ಪೆಟ್ಟು ತಿಂದವರಿಂದ ಗಿಡ್ಡ ಮರಕ್ಕೆ ಏಣಿ ಹಾಕಿಸಿ ಗೊನೆ ಕಡಿಸಿ, ಕೂಗುತ್ತಾರೋ ಇಲ್ಲವೋ ಎಂದು ನೋಡುತ್ತಿದ್ದರು. "ಕಡಿಯೋದು ಕೈಗೆ ಗೊತ್ತಿರುತ್ತೆ ಕಣಪ್ಪ. ಕೆಳಗೆ ಯಾರೋ ಇದ್ದಾರೆ ಅನ್ನೋದಕ್ಕೆ ಮಿದುಳು ಬೇಕು. ಕೂಗು ಕೇಳೋವರೆಗೂ ವಾಸಿಯಾಯ್ತು ಅಂತ ಬರೀಬೇಡ" ಎನ್ನುತ್ತಿದ್ದರು.

ದಂಡಿನಶಿವರದ ಹತ್ತಿರ ಮರದಿಂದ ಬಿದ್ದಿದ್ದ ಒಬ್ಬನನ್ನು ನೋಡಿ ಬರಲು ನನ್ನೊಬ್ಬನನ್ನೇ ಕಳಿಸಿದರು. ಅವನು ನೋಡನೋಡುತ್ತಲೇ ಕಾಯಿ ಸುಲಿದು ರಾಶಿ ಹಾಕಿದ. "ಮೊದ್ಲಿನಂಗೇ ಅವ್ನೆ ಕಣ್ರೀ, ಇನ್ನೇನ್ ನೋಡ್ತೀರಾ" ಎಂದು ಅವನ ತಾಯಿ ದನ ಹೊಡೆದುಕೊಂಡು ಹೋದರು. ಹೆಂಡತಿ ಎಳನೀರು ಕೊಟ್ಟು ಮೆಲ್ಲಗೆ, "ಒಸಿ ಕುಂತ್ಕಳಿ ಡಾಕ್ಟ್ರೇ, ಗೊನೆ ಕಡಿಯಾದ್ನೂ ನೋಡ್ಕಂಡ್ ಹೋಗಿ" ಎಂದಳು. ನನಗೆ ಬಸ್ಸಿನ ಚಿಂತೆ. ಮರ ಹತ್ತಬಹುದು ಎಂದು ಬರೆದುಕೊಟ್ಟು ಹೊರಟೆ. ಮೇಡಂ ಕೇಳಿದಾಗ "ಕೂಗಿದ ಮೇಡಂ" ಎಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು.

ಹದಿನೈದು ದಿನಕ್ಕೆ ಅವನು ಮರ ಹತ್ತಿ, ಕೂಗದೆ ಗೊನೆ ಕಡಿದ. ಕೆಳಗೆ ಕಾಯಿ ಆಯುತ್ತಿದ್ದದ್ದು ಹೆಂಡತಿ. ಜೀವ ಉಳಿಯಿತು, ಮಾತು ಹೋಯಿತು. ಅವತ್ತು ನಾನು ಏನನ್ನು ನೋಡಿದೆ, ಏನನ್ನು ನೋಡಲಿಲ್ಲ ಎಂದು ಗೊತ್ತಿದ್ದವಳು ಅವಳೊಬ್ಬಳೇ.

ಮೇಡಂ ನನ್ನನ್ನು ಬೈಯಲಿಲ್ಲ. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ನಿಂತು, "ಕೂಗಿದವನೇ ಹೀಗೆ ಮಾಡಿದ ಅಂದ್ರೆ ನನ್ನ ಪರೀಕ್ಷೆಯೇ ತಪ್ಪು" ಎಂದರು. ಆಗಲಾದರೂ ಬಾಯಿ ಬಿಡಬೇಕಿತ್ತು. ಹೇಡಿ ನಾನು, ಬಿಡಲಿಲ್ಲ. ಅವರು ಆ ಪರೀಕ್ಷೆಯನ್ನೇ ಕೈಬಿಟ್ಟರು. ವರ್ಷಗಟ್ಟಲೆ ಬರೆದಿಟ್ಟಿದ್ದ ನೋಟ್‌ಬುಕ್‌ಗಳನ್ನು ಕಟ್ಟಿಟ್ಟರು. ಆಮೇಲೆ ಅವರು ತೋಟಗಳ ಕಡೆ ಹೋದದ್ದು ಕಡಿಮೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ನನ್ನ ತಲೆ ನೆರೆಯಿತು. ಅವರು ಹೋಗಿಯೇಬಿಟ್ಟರು.

ತಿಪಟೂರಿನಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಹಿರಿಯ ಶಿಷ್ಯ ಎಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸಭೆ ಮುಗಿದ ಮೇಲೆ, ಈಗಷ್ಟೇ ಈ ಕೆಲಸಕ್ಕೆ ಸೇರಿದ್ದ ಹುಡುಗಿಯೊಬ್ಬಳು ಬಂದಳು. "ಸರ್, ಮೇಡಂ ಅವರ ಹಳೇ ಲೇಖನ ಓದಿದೆ. ಆ ಕೂಗಿನ ಪರೀಕ್ಷೆ ಎಷ್ಟು ಚೆನ್ನಾಗಿದೆ! ಯಾಕೆ ಕೈಬಿಟ್ರು?"

"ಅದು ಸರಿಬರಲಿಲ್ಲ ಕಣಮ್ಮ" ಎಂದೆ.

ಅವಳು ಅದನ್ನು ಬರೆದುಕೊಂಡಳು.